ಕರುಳಲ್ಲಿರೋ ವೈರಸ್ಸಿಂದ ಲಿವರ್ ಹಾಳಾಗುತ್ತಾ? ಟೆಸ್ಟ್ ಮಾಡಿಸ್ಬೇಕಾ?

ಅಡಿಕೆತೋಟ:
ಅಪ್ಪಂಗೆ ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ. ಶುಗರಿದೆ, ಕುಡಿಯೋ ಅಭ್ಯಾಸ ಇಲ್ಲ. ಮೊನ್ನೆ ಯಾರೋ ವಾಟ್ಸಾಪಲ್ಲಿ ಕರುಳಿನ ವೈರಸ್ಸೇ ಲಿವರ್ ತಿನ್ನೋದು ಅಂತ ಕಳಿಸಿದ್ರು, ಅದನ್ನ ಓದಿದಾಗಿಂದ ಅಮ್ಮ ಅಪ್ಪನ ತಟ್ಟೆ ಲೋಟ ಬೇರೆ ಮಾಡಿದ್ದಾರೆ, ಅಪ್ಪ ಊಟಕ್ಕೆ ಕರೆದ್ರೂ ಆಮೇಲೆ ಅಂತಾರೆ. ಇದು ಅಂಟುತ್ತಾ? ಮಲದ ಸ್ಯಾಂಪಲ್ ಕಳಿಸಿದ್ರೆ ಪೂರ್ತಿ ರಿಪೋರ್ಟ್ ಕೊಡ್ತಾರಂತೆ, ಮಾಡಿಸ್ಲಾ?

ಮೈಕ್ರೋ_ಮೇಡಂ:
ಮೊದ್ಲು ಅವ್ರನ್ನ ಜೊತೇಲಿ ಕೂರಿಸ್ಕೊಂಡು ಊಟ ಮಾಡಿ, ಫ್ಯಾಟಿ ಲಿವರ್ ಅಂಟೋ ಕಾಯಿಲೆ ಅಲ್ವೇ ಅಲ್ಲ. ಆ ಮೆಸೇಜಲ್ಲಿ ಎರಡು ಬೇರೆ ವಿಷಯ ಕಲಸಿಬಿಟ್ಟಿದ್ದಾರೆ. ಹೆಪಟೈಟಿಸ್ ಎ, ಇ ಅನ್ನೋ ವೈರಸ್‌ಗಳು ಕೊಳಕು ನೀರು, ಊಟದಿಂದ ಹೊಟ್ಟೆಗೆ ಹೋಗಿ ಲಿವರ್ ಜೀವಕೋಶಕ್ಕೇ ನುಗ್ಗೋವು, ಕಾಮಾಲೆ ಬರ್ಸೋವು. ಈಗ ಸಂಶೋಧನೆ ನಡೀತಿರೋದು ಹೆಚ್ಚಾಗಿ ಫೇಜ್‌ಗಳ ಮೇಲೆ, ಅವು ಬ್ಯಾಕ್ಟೀರಿಯಾದೊಳಗೆ ಹೊಕ್ಕು ಬೆಳೆಯೋ ವೈರಸ್, ನಮ್ಮ ಜೀವಕೋಶದ ತಂಟೆಗೆ ಬರಲ್ಲ, ಗಟ್ಟಿಮುಟ್ಟಾಗಿರೋರ ಕರುಳಲ್ಲೂ ಕೋಟಿಗಟ್ಲೆ ಇರ್ತವೆ.

ಹಾಗಾದ್ರೆ ಲಿವರ್‌ಗೇನು ಸಂಬಂಧ ಅಂದ್ರೆ, ಲಿವರ್‌ಗೆ ಬರೋ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ವೇನಿಂದ, ಅಂದ್ರೆ ಕರುಳಿನ ಕಡೆಯಿಂದ್ಲೇ ಬರುತ್ತೆ. ಫೇಜ್ ಯಾವ ಬ್ಯಾಕ್ಟೀರಿಯಾ ಕೊಂದು ಯಾವುದನ್ನ ಉಳಿಸುತ್ತೆ ಅನ್ನೋದ್ರ ಮೇಲೆ ಕರುಳಿನ ಲೆಕ್ಕಾಚಾರ ಬದಲಾಗುತ್ತೆ, ಕರುಳಿನ ಗೋಡೆ ಸೋರಿದ್ರೆ ಬ್ಯಾಕ್ಟೀರಿಯಾದ ವಿಷ ಮೊದ್ಲು ಮುಟ್ಟೋದು ಲಿವರ್‌ಗೇ. 2020ರ ಒಂದು ಅಧ್ಯಯನದಲ್ಲಿ ಫ್ಯಾಟಿ ಲಿವರ್ ಜೋರಾಗಿದ್ದೋರ ಕರುಳಲ್ಲಿ ವೈರಸ್ ವೈವಿಧ್ಯ ಕಮ್ಮಿ ಇತ್ತು, ಅದೇ ವರ್ಷ ಆಲ್ಕೋಹಾಲಿಕ್ ಹೆಪಟೈಟಿಸ್, ಅಂದ್ರೆ ಕುಡಿತದಿಂದ ಬರೋ ಲಿವರ್ ಉರಿಯೂತ ಇದ್ದೋರಲ್ಲಿ ನೋಡಿದಾಗ ಜಾಸ್ತಿ ಇತ್ತು. ಕಾಯಿಲೆಯಿಂದ ವೈರಸ್ ಬದಲಾಯ್ತಾ, ವೈರಸ್ಸಿಂದ ಕಾಯಿಲೆ ಹೆಚ್ಚಾಯ್ತಾ ಅಂತ ಇವು ಹೇಳಲ್ಲ. ರಿಪೋರ್ಟ್ ತಂದ್ರೂ ಅದನ್ನ ನೋಡಿ ಡಾಕ್ಟ್ರು ಮಾತ್ರೆ ಬದಲಿಸೋ ಹಾಗಿಲ್ಲ, ದುಡ್ಡು ಉಳಿಸ್ಕೊಳಿ.

ಹೊಳೆದಂಡೆ:
ಮೇಡಂ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ, ಯಾಕಂದ್ರೆ ಈ ವೈರಸ್‌ಗಳು ಶತ್ರುಗಳು ಅಂತ ಯಾರೂ ಅನ್ಕೋಬಾರ್ದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಬರ್ನ್ಡ್ ಶ್ನಾಬ್ಲ್ ಅನ್ನೋ ಲಿವರ್ ಸಂಶೋಧಕರ ತಂಡ 2019ರಲ್ಲಿ ನೇಚರ್ ಪತ್ರಿಕೇಲಿ ಹಾಕಿದ್ದು ನೋಡಿ. ಕುಡಿತದಿಂದ ಬರೋ ಹೆಪಟೈಟಿಸಲ್ಲಿ ಎಂಟೆರೊಕಾಕಸ್ ಫೀಕಾಲಿಸ್ ಅನ್ನೋ ಬ್ಯಾಕ್ಟೀರಿಯಾ ವಿಪರೀತ ಹೆಚ್ಚಿರುತ್ತೆ, ಅದ್ರಲ್ಲಿ ಕೆಲವು ಸೈಟೊಲೈಸಿನ್ ಅನ್ನೋ ವಿಷ ಬಿಡ್ತವೆ. ಆ ವಿಷದ ಬ್ಯಾಕ್ಟೀರಿಯಾ ಇದ್ದ ರೋಗಿಗಳಲ್ಲಿ 180 ದಿನದೊಳಗೆ 89% ಜನ ತೀರ್ಕೊಂಡ್ರು, ಇಲ್ದೇ ಇದ್ದೋರಲ್ಲಿ 3.8% ಅಷ್ಟೇ. ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಅವ್ರು ಚರಂಡಿ ನೀರಿಂದ ಫೇಜ್ ಹುಡುಕಿ ತೆಗ್ದು, ರೋಗಿಗಳ ಕರುಳಿನ ಬ್ಯಾಕ್ಟೀರಿಯಾ ಹಾಕಿದ್ದ ಇಲಿಗಳಿಗೆ ಕೊಟ್ರು, ಆ ಬ್ಯಾಕ್ಟೀರಿಯಾಗಳಷ್ಟೇ ಸತ್ವು, ಲಿವರ್ ಡ್ಯಾಮೇಜ್ ಕಮ್ಮಿ ಆಯ್ತು. ಆಂಟಿಬಯೋಟಿಕ್ ಥರ ಒಳ್ಳೇದು ಕೆಟ್ಟದು ಎಲ್ಲ ಒಟ್ಟಿಗೆ ಕೊಲ್ಲಲ್ಲ, ಅದೇ ಇದ್ರ ಹೆಚ್ಚುಗಾರಿಕೆ. ಆದ್ರೆ ಅದು ಇಲಿಗಳಲ್ಲಿ, ಅದೂ ಕುಡಿತದ ಕಾಯಿಲೆಗೆ, ನಿಮ್ಮಪ್ಪಂದು ಬೇರೆ.

ಅಡಿಕೆತೋಟ:
ಇಬ್ರಿಗೂ ತುಂಬಾ ಥ್ಯಾಂಕ್ಸ್, ಅಮ್ಮಂಗೆ ಜೋರಾಗಿ ಓದಿ ಹೇಳಿದೆ. ಗುರುವಾರ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಸ್ಕ್ಯಾನ್) ಇದೆ, ಏನಾದ್ರೂ ನೋಡ್ಕೋಬೇಕಾ?

ಮೈಕ್ರೋ_ಮೇಡಂ:
ಸ್ಕ್ಯಾನಿಗೆ ಮೂರು ತಾಸು ಮುಂಚಿಂದ ಏನೂ ತಿನ್ನಬಾರ್ದು, ತಿಂದಿದ್ರೆ ರೀಡಿಂಗ್ ಹೆಚ್ಚು ತೋರಿಸ್ಬೋದು. ಶುಗರ್ ಮಾತ್ರೆ ಯಾವಾಗ ತಗೋಬೇಕು ಅಂತ ಇವತ್ತೇ ಫೋನ್ ಮಾಡಿ ಕೇಳಿ. ತೂಕ ಜಾಸ್ತಿ ಇದ್ರೆ ಎಷ್ಟು ಇಳಿಸ್ಬೇಕು ಅಂತ್ಲೂ ಕೇಳ್ಕೊಳಿ, 7ರಿಂದ 10% ಇಳಿದ್ರೆ ಲಿವರ್ ಉರಿಯೂತ ಕಮ್ಮಿ ಆಗೋದು ಬಯಾಪ್ಸೀಲೇ, ಅಂದ್ರೆ ಲಿವರಿನ ಸಣ್ಣ ಚೂರು ತೆಗ್ದು ನೋಡಿದಾಗ್ಲೇ ಕಂಡಿದೆ.