ಪಿಯುಸಿ ಮುಗಿದು ಎಲ್ಲಿಗೂ ಹೋಗದ ಇಬ್ಬರು ಹುಡುಗಿಯರ ಕಿರುಚಿತ್ರ: ಮಳೆಗಾಲದ ಮಂಗಳೂರಲ್ಲಿ ಶೂಟ್ ಮಾಡುವುದು ಹೇಗೆ?

ಕುಡ್ಲ_ರೀಲು

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ಮೇಲೂ ಎಲ್ಲಿಯೂ ಅಡ್ಮಿಶನ್ ಮಾಡಿಸದ ಒಬ್ಬಳು, ಅವಳ ಗೆಳತಿ, ಇವರಿಬ್ಬರ ಬಗ್ಗೆ 20 ನಿಮಿಷದ ಕಿರುಚಿತ್ರ ಮಾಡುವುದು ಅಂತ ಉಂಟು. ಮನಸ್ಸಲ್ಲಿರುವ ಮಾದರಿ 2001ರ ಇಂಗ್ಲಿಷ್ ಸಿನಿಮಾ ‘ಘೋಸ್ಟ್ ವರ್ಲ್ಡ್’. ಶೂಟಿಂಗ್ ಜುಲೈಯಲ್ಲಿ, ಪೇಟೆಯಲ್ಲೇ. ಕ್ಯಾಮೆರಾ ಒಂದು, ಬೂಮ್ ಮೈಕ್ (ಉದ್ದ ಕೋಲಿಗೆ ಕಟ್ಟಿ ಹಿಡಿಯುವುದು) ಒಂದು, ಕಾಲರ್ ಮೈಕ್ ಎರಡು, ಜನ ಆರು.

ಏನೂ ನಡೆಯದ ಕಥೆ ಬೋರಾಗದ ಹಾಗೆ ಬರೆಯುವುದು ಹೇಗೆ? ಬಸ್‌ಸ್ಟಾಪ್, ಬಸ್ಸಿನ ಒಳಗಿನ ಮಾತು ಮಳೆಯಲ್ಲಿ ಸರಿಯಾಗಿ ಸಿಗ್ತದಾ? ಶುರುವಿಗೆ ಹಳೇ ಕನ್ನಡ ಹಾಡಿಗೆ ಕೋಣೆಯಲ್ಲಿ ಕುಣಿಯುವ ಸೀನೂ ಉಂಟು.

ಪಡುಬಿದ್ರಿ_ಚಿತ್ರಕಥೆ

ಆ ಸಿನಿಮಾದಲ್ಲಿ ಏನೂ ನಡೆಯುವುದಿಲ್ಲ ಅಂತ ನಮಗೆ ಅನಿಸುವುದು ಮಾತ್ರ. ನಿರ್ದೇಶಕ ಟೆರಿ ಜ್ವಿಗಾಫ್, ಮೂಲ ಕಾಮಿಕ್ಸ್ ಬರೆದ ಡ್ಯಾನಿಯಲ್ ಕ್ಲೌಸ್ ಇಬ್ಬರೂ ಸೇರಿ ಬರೆದ ಆ ಚಿತ್ರಕಥೆ ಆಸ್ಕರ್ ನಾಮನಿರ್ದೇಶನದವರೆಗೆ ಹೋದದ್ದು ಸುಮ್ಮನೆ ಅಲ್ಲ. ಅದರ ಇಬ್ಬರು ಗೆಳತಿಯರು ಈನಿಡ್, ರೆಬೆಕ್ಕಾ ಒಟ್ಟಿಗೆ ಒಂದು ಬಾಡಿಗೆ ಮನೆ ಹಿಡಿಯಬೇಕು ಅಂತ ಮೊದಲೇ ಮಾತಾಡಿಕೊಂಡಿರ್ತಾರೆ. ರೆಬೆಕ್ಕಾ ಕಾಫಿ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ತಾಳೆ. ಈನಿಡ್ ಥಿಯೇಟರಿನ ತಿಂಡಿ ಕೌಂಟರಿನ ಕೆಲಸವನ್ನು ಒಂದೇ ದಿನದಲ್ಲಿ ಕಳೆದುಕೊಳ್ತಾಳೆ. ಅಲ್ಲಿಂದ ಆ ಮನೆ ಸ್ವಲ್ಪ ಸ್ವಲ್ಪವೇ ದೂರ ಹೋಗ್ತದೆ. ನಿಮ್ಮ ಸ್ಕ್ರಿಪ್ಟಿಗೂ ಅಂಥದ್ದೊಂದು ಬೇಕು: ರೂಮಿನ ಅಡ್ವಾನ್ಸ್ ಹಣ, ಅಡ್ಮಿಶನ್ನಿನ ಕೊನೆಯ ದಿನಾಂಕ, ಏನಾದರೂ ಒಂದು. ಪ್ರತಿ ಸೀನಿನ ಕೊನೆಗೆ ಅದು ಹತ್ತಿರ ಬಂತಾ, ದೂರ ಹೋಯಿತಾ ಅಂತ ಪೇಪರಲ್ಲಿ ಬರೆದಿಡಿ. ಎರಡೂ ಅಲ್ಲದ ಸೀನ್ 20 ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚಿದ್ದರೆ ನೋಡುವವರು ಫೋನ್ ತೆಗೀತಾರೆ.

ಇನ್ನೊಂದು, ಅಲೆಯುವವರು ಅಲೆಯುವುದು ಗೊತ್ತಾಗಬೇಕಾದ್ರೆ ಪಕ್ಕದಲ್ಲಿ ಟೈಮಿಗೆ ಸರಿಯಾಗಿ ನಡೆಯುವ ಏನಾದರೂ ಇರಬೇಕು. ‘ಘೋಸ್ಟ್ ವರ್ಲ್ಡ್’ನಲ್ಲಿ ನಿಂತುಹೋದ ರೂಟಿನ ಸ್ಟಾಪಲ್ಲಿ ದಿನಾ ತಪ್ಪದೆ ಕೂತು ಬಸ್ಸಿಗೆ ಕಾಯುವ ಮುದುಕ ಇದ್ದಾನೆ. ಮಂಗಳೂರಲ್ಲಿ ಇದಕ್ಕೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಂದ ಬಸ್ಸುಗಳು ಒಂದರ ಹಿಂದೆ ಒಂದು ಹೊರಡ್ತವೆ, ಕಂಡಕ್ಟರ್ ಫುಟ್‌ಬೋರ್ಡಲ್ಲಿ ನಿಂತು ಊರುಗಳ ಹೆಸರು ಕೂಗಿ ವಿಶಲ್ ಹಾಕ್ತಾರೆ. ಇವರಿಬ್ಬರು ಮಾತ್ರ ಹತ್ತುವುದಿಲ್ಲ. ಅಷ್ಟು ಸಾಕು, ಡಯಲಾಗ್ ಬೇಡ.

ಹೊರಗಿನವಳು ಅಂತ ತೋರಿಸಲಿಕ್ಕೆ ವಿಚಿತ್ರ ಡ್ರೆಸ್ ಹಾಕಿಸಬೇಡಿ. ಇಬ್ಬರಲ್ಲಿ ಒಬ್ಬಳನ್ನು ಘಟ್ಟದ ಮೇಲಿಂದ ಬಂದ ಕುಟುಂಬದವಳನ್ನಾಗಿ ಮಾಡಿ. ಅಂಗಡಿ, ಬಸ್ಸು, ಗೆಳತಿಯ ಮನೆ ಎಲ್ಲ ಕಡೆ ಮಾತು ತುಳುವಿಗೆ ತಿರುಗ್ತದೆ, ಅವಳ ಕಡೆ ನೋಡಿದಾಗ ಮಾತ್ರ ಕನ್ನಡಕ್ಕೆ ಬರ್ತದೆ. ಆ ತುಳು ಮಾತಿಗೆ ಸಬ್‌ಟೈಟಲ್ ಹಾಕಬೇಡಿ. ಅವಳಿಗೆ ಎಷ್ಟು ಅರ್ಥ ಆಗ್ತದೋ ತುಳು ಬಾರದ ಪ್ರೇಕ್ಷಕರಿಗೂ ಅಷ್ಟೇ ಆಗಲಿ.

ಬೀದಿ ಖಾಲಿ ಬೇಕಾದ್ರೆ ಭಾನುವಾರ ಮಧ್ಯಾಹ್ನ 2ರಿಂದ 4ರ ಒಳಗೆ ಹಂಪನಕಟ್ಟೆ ಕಡೆ ಹೋಗಿ. ಅಂಗಡಿಗಳ ಶಟರ್ ಹೆಚ್ಚಿನವು ಇಳಿದಿರ್ತವೆ.

ಶಬ್ದದ_ಬೆನ್ನಿಗೆ

ಸೌಂಡಿನ ಬಗ್ಗೆ ಹೇಳ್ತೇನೆ, ಕಿರುಚಿತ್ರಗಳು ಹೆಚ್ಚು ಹಾಳಾಗುವುದು ಅಲ್ಲೇ.

ತಗಡಿನ ಮಾಡಿನ ಬಸ್‌ಸ್ಟಾಪ್ ಬಿಟ್ಟುಬಿಡಿ. ಜೋರು ಮಳೆಗೆ ಆ ಸದ್ದು ಮಾತಿನ ಮೇಲೆಯೇ ಕೂತುಕೊಳ್ತದೆ, ಎಡಿಟಿಂಗಲ್ಲಿ ತೆಗೆಯಲಿಕ್ಕೆ ಹೋದರೆ ಸ್ವರವೂ ಒಟ್ಟಿಗೆ ಹೋಗ್ತದೆ. ಕಾಂಕ್ರೀಟ್ ಮಾಡಿನ ಸ್ಟಾಪ್ ಹುಡುಕಿ, ಬೂಮನ್ನು ತಲೆಯಿಂದ ಒಂದೂವರೆ ಅಡಿ ಮೇಲೆ, ಬಾಯಿಯ ಕಡೆ ತಿರುಗಿಸಿ ಹಿಡಿಯಿರಿ. ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಜೋರು ಮಾತು ರೆಕಾರ್ಡರಿನ ಮೀಟರಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ಬರಲಿ, ಸೊನ್ನೆ ಮುಟ್ಟಬಾರದು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಅಲ್ಲಿಯ ಸದ್ದು ತೆಗೆಯಿರಿ. ಮಳೆ ಪ್ರತಿ ಟೇಕಿಗೂ ಬದಲಾಗ್ತದೆ. ಜೋಡಿಸುವಾಗ ಆ ಒಂದು ನಿಮಿಷ ಇಲ್ಲದಿದ್ದರೆ ಕಟ್ ಆದಲ್ಲೆಲ್ಲ ಕಿವಿಗೆ ಹೊಡೀತದೆ.

ಕಾಲರ್ ಮೈಕನ್ನು ಸಿಂಥೆಟಿಕ್ ಚೂಡಿದಾರದ ಒಳಗೆ ಹಾಕಿದರೆ ಬಟ್ಟೆಯ ಸರಸರ ಸದ್ದೇ ಬರ್ತದೆ. ಹತ್ತಿ ಬಟ್ಟೆ ತೊಡಿಸಿ, ಮೈಕಿನ ಎರಡೂ ಬದಿಗೆ ಮೆಡಿಕಲ್ ಟೇಪ್ ಅಂಟಿಸಿ ಬಟ್ಟೆ ಅಲ್ಲಾಡದ ಹಾಗೆ ಮಾಡಿ. ಬೆವರು ಒಳಗೆ ಇಳಿದರೆ ಸ್ವರ ಮಂಕಾಗ್ತದೆ, ಹಾಗಾಗಿ ಸೀನಿಗೊಮ್ಮೆ ತೆಗೆದು ಒರೆಸಿ.

ಓಡುವ ಬಸ್ಸಲ್ಲಿ ಮಾತು ಹಿಡಿಯುವ ಆಸೆ ಬೇಡ, ಡೀಸೆಲ್ ಎಂಜಿನ್ನಿನ ಗುಂಯ್ ಎಲ್ಲ ನುಂಗ್ತದೆ. ಮಾಲಕರ ಹತ್ತಿರ ಕೇಳಿ, ಟ್ರಿಪ್ ಮುಗಿದು ನಿಂತ ಬಸ್ಸಲ್ಲಿ ಎಂಜಿನ್ ಆಫ್ ಮಾಡಿ ಶೂಟ್ ಮಾಡಿ. ಗ್ಲಾಸ್ ಎಲ್ಲ ಹಾಕಿ ಹತ್ತು ನಿಮಿಷ ಕೂತರೆ ಉಸಿರಿಗೇ ಆವಿ ಕಟ್ಟುತ್ತದೆ, ಹೊರಗೆ ಏನೂ ಓಡುವುದಿಲ್ಲ ಅಂತ ಕಾಣುವುದಿಲ್ಲ. ಇಬ್ಬರು ಹಿಂದಿನ ಸೀಟು ಹಿಡಿದು ಮೆಲ್ಲ ಕುಲುಕಿಸಲಿ. ಎಂಜಿನ್, ವಿಶಲ್, ಗೇರಿನ ಸದ್ದು ಮಾತ್ರ ಓಡುವ ಬಸ್ಸಲ್ಲಿ ಬೇರೆಯೇ ರೆಕಾರ್ಡ್ ಮಾಡಿ ಆಮೇಲೆ ಸೇರಿಸಿ.

ಮಲ್ಪೆ_ಲೆನ್ಸ್

ಕ್ಯಾಮೆರಾಕ್ಕೆ ಸೆಕೆಂಡಿಗೆ 25 ಫ್ರೇಮ್, ಶಟರ್ ಸ್ಪೀಡ್ 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗ್ತದೆ. 1/60 ಇಟ್ಟರೆ ಗೋಡೆ ಮೇಲೆ ಪಟ್ಟಿ ಓಡ್ತದೆ. ಎಸಿ ರೂಮಿಂದ ನೇರ ಹೊರಗೆ ತಂದರೆ ಲೆನ್ಸ್ ಮಂಜಾಗ್ತದೆ; ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಡಿ. ರಾತ್ರಿ ಲೆನ್ಸುಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಇಲ್ಲದಿದ್ದರೆ ಈ ತೇವಕ್ಕೆ ಫಂಗಸ್ ಖಂಡಿತ.

ಕುಡ್ಲ_ರೀಲು

ತುಂಬ ಉಪಕಾರ. ತುಳು ವಿಷಯ ತಲೆಗೇ ಹೋಗಿರಲಿಲ್ಲ, ಸ್ಕ್ರಿಪ್ಟ್ ಬದಲಾಗ್ತದೆ. ಹಾಡಿನ ಬಗ್ಗೆ ಯಾರಾದರೂ ಹೇಳ್ತೀರಾ? 1960ರ ದಶಕದ್ದು, ಹಳತಾದ ಕಾರಣ ಫ್ರೀ ಇರಬಹುದಾ?

ಪಡುಬಿದ್ರಿ_ಚಿತ್ರಕಥೆ

ಹಾಗೆ ಧೈರ್ಯ ಮಾಡಬೇಡಿ. ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. 1965ರ ರೆಕಾರ್ಡಿಂಗಿನ ಹಕ್ಕು 2025ರ ಡಿಸೆಂಬರಿಗೆ ಮುಗಿಯುತ್ತದೆ. ಆದರೆ ಸಾಹಿತ್ಯಕ್ಕೆ, ರಾಗಕ್ಕೆ ಬೇರೆ ಲೆಕ್ಕ: ಬರೆದವರು, ಸಂಯೋಜಿಸಿದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಅದು ಮುಗಿಯದೆ ಹಾಡು ಬಳಸಿದರೆ ಫೆಸ್ಟಿವಲಿನವರು ಅನುಮತಿ ಪತ್ರ ಕೇಳಿದಾಗ ಕೊಡಲಿಕ್ಕೆ ಏನೂ ಇರುವುದಿಲ್ಲ, ಯೂಟ್ಯೂಬಲ್ಲಿ ಹಾಕಿದರೆ ಕಾಪಿರೈಟ್ ಕ್ಲೇಮ್ ಬರ್ತದೆ.

‘ಘೋಸ್ಟ್ ವರ್ಲ್ಡ್’ ಶುರುವಾಗುವುದು 1965ರ ಹಿಂದಿ ಸಿನಿಮಾ ‘ಗುಮ್ನಾಮ್’ನ ‘ಜಾನ್ ಪೆಹಚಾನ್ ಹೋ’ ಹಾಡಿಂದ. ಕ್ಯಾಮೆರಾ ಬೇರೆ ಬೇರೆ ಮನೆಗಳ ಕಿಟಕಿ ದಾಟಿ ಬಂದು ಕೆಂಪು ಗೌನಲ್ಲಿ ಕುಣಿಯುವ ಈನಿಡ್ ಹತ್ತಿರ ನಿಲ್ತದೆ. ಪಕ್ಕದ ಮನೆಗಳಲ್ಲಿ ಜನ ಸಪ್ಪಗೆ ಕೂತಿದ್ದಾರೆ, ಇವಳು ಎಲ್ಲಿಯದೋ ದೇಶದ, ಯಾವುದೋ ಕಾಲದ ಹಾಡಿಗೆ ಮೈಮರೆತಿದ್ದಾಳೆ. ಸೀನಿಗೆ ಬಲ ಬರುವುದು ಅದರಿಂದ. ಹಾಗಾಗಿ ಊರಿನ ಬ್ಯಾಂಡಿನವರ ಹತ್ತಿರ ಎರಡು ನಿಮಿಷದ ಹೊಸ ಟ್ಯೂನ್ ಮಾಡಿಸಿದರೂ ನಡೀತದೆ. ದುಡ್ಡು ಕೊಟ್ಟು, ಸಿನಿಮಾಕ್ಕೆ ಬಳಸಲು ಒಪ್ಪಿಗೆ ಅಂತ ಸಹಿ ಹಾಕಿಸಿ. ಶೂಟಿಗೆ ಮೊದಲೇ ಟ್ಯೂನ್ ರೆಡಿ ಇರಬೇಕು, ಕುಣಿದಾದ ಮೇಲೆ ಮಾಡಿಸಿದರೆ ಹೆಜ್ಜೆಗೂ ತಾಳಕ್ಕೂ ಕೂಡುವುದಿಲ್ಲ.