12 ಕಿಲೋಬಿಟ್‌ನ 900 ಫೈಲುಗಳು ಒಂದೇ ಫ್ಲಾಪಿಯಲ್ಲಿ ಹಿಡಿಯುತ್ತವೆಯೇ? ಅನುಭವ ತಿಳಿಸಿ

ಪ್ರಶ್ನೆ: ಫ್ಲಾಪಿ ಡ್ರೈವ್ ಬಿಟ್ಟರೆ ಬೇರೆ ದಾರಿಯಿಲ್ಲದ ಹಳೆಯ ಕಂಪ್ಯೂಟರಿಗೆ 900 ಚಿಕ್ಕ ಫೈಲುಗಳನ್ನು ಸಾಗಿಸಬೇಕಾಗಿದೆ. ಪ್ರತಿಯೊಂದೂ 12 ಕಿಲೋಬಿಟ್. ಈಗಾಗಲೇ ಕುಗ್ಗಿಸಿದವು, ಮತ್ತೆ ಕುಗ್ಗುವುದಿಲ್ಲ. ನನ್ನಲ್ಲಿ ದೋಷವಿಲ್ಲದ 1.44 ಎಂಬಿ ಫ್ಲಾಪಿ ಒಂದೇ ಉಳಿದಿದೆ. ಹಿಡಿಯುತ್ತವೆಯೇ?

ಮೊದಲ ಉತ್ತರ: ಫ್ಲಾಪಿಯ ಗಾತ್ರವನ್ನು ಫೈಲಿನ ಗಾತ್ರದಿಂದ ಭಾಗಿಸುವ ಲೆಕ್ಕವನ್ನು ನಂಬಿ ನಾನು ಕೈ ಸುಟ್ಟುಕೊಂಡಿದ್ದೇನೆ. ನನ್ನ ಬಳಿ ಅತಿನೇರಳೆ ಬೆಳಕಿನಲ್ಲಿ ಅಳಿಸಬಹುದಾದ 45 ಇಪ್ರಾಮ್ (ಮೆಮೊರಿ) ಚಿಪ್‌ಗಳಿದ್ದವು. ಎಲ್ಲವೂ 27ಸಿ256, ಅಂದರೆ 256 ಕಿಲೋಬಿಟ್, ಅಂದರೆ 8 ಬಿಟ್ಟಿಗೆ ಒಂದು ಬೈಟಿನಂತೆ 32,768 ಬೈಟ್. 80 ಟ್ರ್ಯಾಕ್, 2 ಮುಖ, 18 ಸೆಕ್ಟರ್, ಸೆಕ್ಟರಿಗೆ 512 ಬೈಟ್ ಎಂದು ಗುಣಿಸಿದರೆ ಫ್ಲಾಪಿಯ ಗಾತ್ರ 14,74,560 ಬೈಟ್ ಆಗುತ್ತದೆ. ಅದನ್ನು 32,768ರಿಂದ ಭಾಗಿಸಿದಾಗ ಶೇಷವೇ ಇಲ್ಲದೆ ಸರಿಯಾಗಿ 45 ಬಂದದ್ದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ನಕಲು ಮಾಡುವ ಆದೇಶ ಕೊಟ್ಟು, ಅದು ಮುಗಿಯಿತೆಂದು ನಂಬಿ, ಚಿಪ್‌ಗಳ ಗಾಜಿನ ಕಿಂಡಿಗೆ ಅಂಟಿಸಿದ್ದ ಚೀಟಿಗಳನ್ನು ಒಂದೊಂದಾಗಿ ಕಿತ್ತು, ಅವನ್ನು 20 ನಿಮಿಷ ಅತಿನೇರಳೆ ದೀಪದ ಕೆಳಗಿಟ್ಟೆ. ಆಮೇಲೆ ನೋಡಿದರೆ ಫ್ಲಾಪಿಯಲ್ಲಿದ್ದದ್ದು 44 ಫೈಲು. ಬೂಟ್ ಸೆಕ್ಟರ್ 1, ಫ್ಯಾಟ್‌ನ (ಯಾವ ಫೈಲು ಎಲ್ಲೆಲ್ಲಿದೆ ಎಂಬ ಕೋಷ್ಟಕದ) ಎರಡು ಪ್ರತಿಗಳಿಗೆ 18, ರೂಟ್ ಡೈರೆಕ್ಟರಿಗೆ (ಫೈಲುಗಳ ಮುಖ್ಯ ಪಟ್ಟಿಗೆ) 14, ಹೀಗೆ 33 ಸೆಕ್ಟರ್‌ಗಳು ಮೊದಲೇ ಹೋಗಿರುತ್ತವೆ. ನಮಗೆ ಸಿಗುವುದು 14,57,664 ಬೈಟ್ ಮಾತ್ರ. 45ನೆಯ ಚಿಪ್‌ನಲ್ಲಿದ್ದದ್ದು ಇನ್ನೆಲ್ಲೂ ಇರಲಿಲ್ಲ.

ಎರಡನೆಯ ಉತ್ತರ: ಮೇಲಿನವರ ನಷ್ಟಕ್ಕೆ ಮರುಗುತ್ತೇನೆ, ಆದರೆ ಅವರು ಸೋತದ್ದು ಬೈಟುಗಳಲ್ಲಿ. ನಾನು ಸೋತದ್ದು ಬೈಟುಗಳು ಧಾರಾಳವಾಗಿ ಉಳಿದಿರುವಾಗ. 1,500 ಬೈಟ್‌ನ ಫೈಲುಗಳು. ಪ್ರತಿಯೊಂದಕ್ಕೂ 3 ಸೆಕ್ಟರ್. 223 ಫೈಲುಗಳಾದ ಮೇಲೆ ಮುಂದಿನದನ್ನು ರಚಿಸಲಾಗದು ಎಂಬ ಸಂದೇಶ ಬಂತು, ಆಗ ಖಾಲಿ ಇದ್ದ ಜಾಗ 11,15,136 ಬೈಟ್! ಫ್ಲಾಪಿ ಕೆಟ್ಟಿದೆಯೆಂದು ಎಸೆದು ಇನ್ನೊಂದನ್ನು ತೆಗೆದೆ, ಅದರಲ್ಲೂ ಹಾಗೆಯೇ ಆಯಿತು. ಮೂರನೆಯದನ್ನೂ ಎಸೆದ ಮೇಲೆಯೇ ತಿಳಿದದ್ದು, ರೂಟ್ ಡೈರೆಕ್ಟರಿಯಲ್ಲಿ ಇರುವುದು 224 ನಮೂದುಗಳು ಮಾತ್ರ, ಅದರಲ್ಲಿ ಒಂದನ್ನು ಫ್ಲಾಪಿಗೆ ನಾನೇ ಇಟ್ಟ ಹೆಸರು ತಿಂದಿತ್ತು ಎಂದು. ಉದ್ದ ಹೆಸರುಗಳಿದ್ದರೆ ಇನ್ನೂ ಕಷ್ಟ: 20 ಅಕ್ಷರಗಳ ಹೆಸರಿಗೆ ಮೂರು ನಮೂದು ಬೇಕು, ಆಗ 74 ಫೈಲಿಗೇ ಮುಗಿಯುತ್ತದೆ. ಆ ಮೂರು ಫ್ಲಾಪಿಗಳಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದು ಇಂದಿಗೂ ಸಂಕಟ ಕೊಡುತ್ತದೆ.

ಮೂರನೆಯ ಉತ್ತರ: ಇಬ್ಬರೂ ಫ್ಯಾಟ್ ನಂಬಿ ಕೆಟ್ಟಿದ್ದೀರಿ. ನಾನು ಫೈಲ್ ವ್ಯವಸ್ಥೆಯನ್ನೇ ಕೈಬಿಟ್ಟು, 2,880 ಸೆಕ್ಟರ್‌ಗಳ ಮೇಲೂ ನೇರವಾಗಿ ಬರೆಯುತ್ತೇನೆ. ಮೊದಲಿನವರ 45 ಚಿಪ್‌ಗಳು, ಚಿಪ್‌ಗೆ 64 ಸೆಕ್ಟರ್‌ನಂತೆ, ನನ್ನ ವಿಧಾನದಲ್ಲಿ ಒಂದೂ ಹೊರಗುಳಿಯುತ್ತಿರಲಿಲ್ಲ. ಚಿಕ್ಕ ಫೈಲುಗಳಿದ್ದರೆ ಟಾರ್ ಕಟ್ಟಿ (ಎಲ್ಲವನ್ನೂ ಒಂದೇ ಫೈಲಾಗಿ ಜೋಡಿಸಿ) ಬರೆದರಾಯಿತು.

ಎರಡನೆಯವರು: ಟಾರ್ ಎಂದು ಹೇಳುವ ಮೊದಲು ಲೆಕ್ಕ ಹಾಕಿದ್ದೀರಾ? ಪ್ರತಿ ಫೈಲಿಗೂ 512 ಬೈಟ್‌ನ ತಲೆಬರಹ ಬೇಕು, ಒಳಗಿನದು 512ರ ಗುಣಕಕ್ಕೆ ಏರುತ್ತದೆ. 1,500 ಬೈಟ್‌ನ ಫೈಲು 2,048 ಆಗುತ್ತದೆ. ಇಡೀ ಫ್ಲಾಪಿಯನ್ನು ಬಳಸಿದರೂ 719 ಫೈಲುಗಳಿಗಿಂತ ಹೆಚ್ಚು ಹಿಡಿಯದು. ಕೇಳಿದವರ ಬಳಿ 900 ಇವೆ.

ಮೂರನೆಯವರು: ನನ್ನ ಫೈಲುಗಳು ದೊಡ್ಡವು, ನನಗೆ ಈ ತೊಂದರೆ ಎಂದೂ ಬಂದಿಲ್ಲ. ಮೂರು ಒಳ್ಳೆಯ ಫ್ಲಾಪಿಗಳನ್ನು ಎಸೆದವರಿಂದ ಪಾಠ ಹೇಳಿಸಿಕೊಳ್ಳುವ ಅಗತ್ಯ ನನಗಿಲ್ಲ.

ನಾಲ್ಕನೆಯ ಉತ್ತರ: ಜಗಳದಲ್ಲಿ ಮೂಲ ತಪ್ಪನ್ನು ಎಲ್ಲರೂ ಮರೆತಿದ್ದೀರಿ. 1.44 ಎಂಬ ಸಂಖ್ಯೆಯೇ ಸುಳ್ಳು. 1,440ನ್ನು 1,024ರಿಂದ ಗುಣಿಸಿ, ಬಂದದ್ದನ್ನು ಸಾವಿರದ ಲೆಕ್ಕದಲ್ಲಿ ಮೆಗಾ ಎಂದು ಕರೆದಿದ್ದಾರೆ. ಹತ್ತರ ಘಾತದಲ್ಲಿ ಅದು 1.47, ಎರಡರ ಘಾತದಲ್ಲಿ 1.41. ಈ ಬೆರಕೆಯಿಂದ ನಾನು ಒಮ್ಮೆ ಇಡೀ ಸಂಗ್ರಹವನ್ನು ತಪ್ಪಾಗಿ ಹಂಚಿ, 31 ಫ್ಲಾಪಿಗಳನ್ನು ಮೊದಲಿನಿಂದ ಬರೆಯಬೇಕಾಯಿತು. ಕಿಲೋಬಿಟ್ ವಿಷಯದಲ್ಲೂ ಇದೇ ಗೊಂದಲವಿದೆ: ಚಿಪ್ ತಯಾರಿಸುವವರಿಗೆ ಅದು 1,024 ಬಿಟ್, ದತ್ತಾಂಶ ರವಾನಿಸುವವರಿಗೆ 1,000.

ಮೊದಲನೆಯವರು: 12 ಕಿಲೋಬಿಟ್ ಎಂದರೆ 1,536 ಬೈಟ್, ಸರಿಯಾಗಿ ಮೂರು ಸೆಕ್ಟರ್. ನಲವತ್ತೈದು ಚಿಪ್ ಓದಿದವನಿಗೆ ಇದನ್ನು ಹೇಳಿಕೊಡಬೇಡಿ. ಹೇಗಿದ್ದರೂ ಮೂರೇ ಸೆಕ್ಟರ್ ಹಿಡಿಯುವಾಗ ಈ ತರ್ಕದಿಂದ ಏನು ಪ್ರಯೋಜನ?

ನಾಲ್ಕನೆಯವರು: ಪ್ರಯೋಜನವಿದೆ, ಏಕೆಂದರೆ ಇಲ್ಲಿ ನಾನು ಸೂಚಿಸುವ ದಾರಿ ಕುಗ್ಗಿಸದ ಜಿಪ್, ಅಂದರೆ ಎಲ್ಲವನ್ನೂ ಇದ್ದ ಗಾತ್ರದಲ್ಲೇ ಒಂದು ಫೈಲಾಗಿ ಕಟ್ಟುವುದು. 12 ಅಕ್ಷರದ ಹೆಸರುಗಳಿದ್ದು, ಹೆಚ್ಚುವರಿ ಮಾಹಿತಿ ಸೇರಿಸದಿದ್ದರೆ ಫೈಲಿಗೆ 100 ಬೈಟ್, ಕೊನೆಯಲ್ಲಿ 22 ಬೈಟ್ ಕೂಡುತ್ತದೆ. 1,500ರ ಲೆಕ್ಕದಲ್ಲಿ ಒಟ್ಟು 14,40,022. ಫ್ಲಾಪಿಯಲ್ಲಿ ಹಿಡಿದು 17,642 ಬೈಟ್ ಉಳಿಯುತ್ತದೆ. 1,536ರ ಲೆಕ್ಕದಲ್ಲಿ 14,72,422. 14,758 ಬೈಟ್ ಹೊರಗೆ ಬೀಳುತ್ತದೆ. ಈ ಜಿಪ್ ಹಿಡಿಯುವುದೂ ಹಿಡಿಯದಿರುವುದೂ ನೀವು ಕ್ಷುಲ್ಲಕವೆಂದ, 1,024ಕ್ಕೂ 1,000ಕ್ಕೂ ನಡುವಿನ ಆ 24ರ ಮೇಲೆಯೇ ನಿಂತಿದೆ.

ಕೇಳಿದವರು: ಒಂದು ಫೈಲಿನ ಗಾತ್ರವನ್ನು ಈಗ ನೋಡಿದೆ, 1,500 ಬೈಟ್ ಎಂದಿದೆ. ಜಿಪ್ ಮಾಡಿ ಬರೆಯುತ್ತೇನೆ.

ಮೊದಲನೆಯವರು: ಬರೆದ ಮೇಲೆ ಆ ಹಳೆಯ ಕಂಪ್ಯೂಟರಿನಲ್ಲೇ ಬಿಚ್ಚಿ, 900 ಫೈಲುಗಳನ್ನೂ ಎಣಿಸಿ. ಅಲ್ಲಿಯವರೆಗೆ ಮೂಲವನ್ನು ಅಳಿಸಬೇಡಿ.