ಚೇಗು, ಕೆಚ್ಚು, ತಿರುಳು: ಮರದ ಒಳಗಟ್ಟಿಗೆ ಯಾವ ಹೆಸರು?

ಎಲ್ಲರಿಗೂ ನಮಸ್ಕಾರ.

ಕಂಬ-ತೊಲೆಗಳ ಚೌಕಟ್ಟಿನ ಮೇಲೆ ಮನೆ ಕಟ್ಟುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ತೊಲೆ, ಜಂತಿ, ಪಕಾಸಿ, ರೀಪು ಇವಕ್ಕೆ ತಡಕಾಡಬೇಕಾಗಲಿಲ್ಲ. ನಮ್ಮ ಮಲೆನಾಡಿನ ಆಚಾರಿಗಳ ಬಾಯಲ್ಲೇ ಇವೆ. ಸಿಕ್ಕಿಕೊಂಡದ್ದು ಯಾವ ಮರ ಆರಿಸಬೇಕು ಎಂಬ ಅಧ್ಯಾಯದಲ್ಲಿ, 'ಹಾರ್ಟ್‌ವುಡ್' (ಮರದ ಒಳಗಿನ ಗಟ್ಟಿಭಾಗ) ಎಂಬ ಒಂದೇ ಪದದ ಹತ್ತಿರ.

ಮೊದಲ ಕರಡಿನಲ್ಲಿ 'ತಿರುಳು' ಎಂದು ಬರೆದೆ. ಕಿವಿಗೂ ಹಿತವಾಗಿತ್ತು. ಹತ್ತು ಪುಟ ದಾಟಿದ ಮೇಲೆ ಎಡವಟ್ಟು ತಿಳಿಯಿತು. ಒಂದು ಕಡೆ 'ಕಂಬಕ್ಕೆ ತಿರುಳು ತುಂಬಿದ ಮರವನ್ನೇ ಆರಿಸಿ' ಎಂದಿದ್ದೆ, ಇನ್ನೊಂದು ಕಡೆ 'ತೊಲೆಯನ್ನು ತಿರುಳು ಬಿಟ್ಟು ಕೊಯ್ಯಿಸಿ' ಎಂದಿದ್ದೆ! ಎರಡನೆಯದು ಮರದ ನಟ್ಟನಡುವಿನ ಮೆತ್ತನೆಯ ಎಳೆ, ಸಸ್ಯಶಾಸ್ತ್ರದವರ 'ಮಜ್ಜೆ'. ಮರ ಒಣಗುವಾಗ ಉಂಗುರದ ಗುಂಟ ಕುಗ್ಗುವುದು, ನಡುವಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು 2 ಪಟ್ಟು. ಆದ್ದರಿಂದ ಮಜ್ಜೆಯನ್ನು ಒಳಗಿಟ್ಟುಕೊಂಡ ತೊಲೆ ಒಣಗುತ್ತ ಸೀಳು ಬಿಡುತ್ತದೆ. ಹಣ್ಣಿನ ತಿರುಳು, ಬೀಜದ ತಿರುಳು ಎಂದಾಗಲೂ ನಮಗೆ ಹೊಳೆಯುವುದು ಮೆತ್ತಗಿನದೇ. ಹಾಗಾಗಿ ತಿರುಳನ್ನು ಮಜ್ಜೆಗೆ ಬಿಟ್ಟುಕೊಟ್ಟೆ.

ಉಳಿದವು ಚೇಗು ಮತ್ತು ಕೆಚ್ಚು. ಕಿಟೆಲ್ ನಿಘಂಟು (1894) ಚೇಗನ್ನು ಮರದ ಸಾರ, ಒಳಗಟ್ಟಿ ಎಂಬ ಅರ್ಥದಲ್ಲೇ ಕೊಡುತ್ತದೆ. ತೆಲುಗಿನ 'ಚೇವ' ಇದರ ನೆಂಟ. ತಮಿಳರು 'ವೈರಂ' ಅನ್ನುತ್ತಾರೆ, ವಜ್ರಕ್ಕೂ ಅದೇ ಮಾತು. ಮಲಯಾಳಿಗಳು 'ಕಾತಲ್' ಅನ್ನುತ್ತಾರೆ. ಕೆಚ್ಚು ನಮಗೆ ಕೆಚ್ಚೆದೆಯಿಂದ ಪರಿಚಿತ, ಆದರೆ ಮರದ ಗಟ್ಟಿಭಾಗ ಎಂಬ ಅರ್ಥವೂ ಅದಕ್ಕಿದೆ. (ನೇಕಾರರು ಎಳೆಗೆ ಎಳೆ ಸೇರಿಸುವ ಕೆಚ್ಚು ಬೇರೆ, ಅದನ್ನು ಇಲ್ಲಿಗೆ ಎಳೆಯುವುದು ಬೇಡ.)

ಇಷ್ಟು ಹಟ ಯಾಕೆಂದರೆ, ಮರದ ಆಯ್ಕೆಯೆಲ್ಲ ಈ ಪದದ ಮೇಲೇ ನಿಂತಿದೆ. 'ತೇಗಕ್ಕೆ ಗೆದ್ದಲು ಹಿಡಿಯುವುದಿಲ್ಲ' ಎನ್ನುವುದು ಅರ್ಧ ಸತ್ಯ. ತೇಗದ ಚೇಗಿಗೆ ಹಿಡಿಯುವುದು ಕಷ್ಟ. ಅದರ ಹೊರಗಿನ ಬಿಳಿಗೆ, ಅಂದರೆ ತೊಗಟೆಯ ಕಡೆಯ ಬಿಳಿಚು ಭಾಗಕ್ಕೆ, ಧಾರಾಳವಾಗಿ ಹಿಡಿಯುತ್ತದೆ. ಮರ ಬಲಿಯುತ್ತ ಒಳಗಿನ ಜೀವಕೋಶಗಳು ಸತ್ತು, ಅಲ್ಲಿ ಹುಳಕ್ಕೆ ಒಗ್ಗದ ರಸಾಯನಗಳು ಸೇರಿಕೊಳ್ಳುತ್ತವೆ. ಬಿಳಿಯಲ್ಲಿ ಹುಳಕ್ಕೆ ಬೇಕಾದ ಪಿಷ್ಟ ಹಾಗೇ ಇರುತ್ತದೆ. ಮತ್ತಿ, ಹೊನ್ನೆ, ಜಂಬೆ, ಕಿರಾಲುಬೋಗಿಗಳನ್ನು ಕಂಬ-ತೊಲೆಗೆ ಆರಿಸುವುದು ಅವುಗಳ ಚೇಗಿನ ಬಲದಿಂದಲೇ. ಒಣ ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಮತ್ತಿ, ಜಂಬೆ 800 ದಾಟುತ್ತವೆ. ತೇಗಕ್ಕೆ ಬೆಲೆ ಬಂದದ್ದು ಬರೀ ಗಟ್ಟಿತನಕ್ಕಲ್ಲ, ಹದ ಬಂದ ಮೇಲೆ ಹೆಚ್ಚು ಸೊಟ್ಟಗಾಗದ ಗುಣಕ್ಕೆ. ಬೂರುಗದಲ್ಲಿ ಚೇಗು ಬೇರೆಯಾಗಿ ಕಾಣುವುದೇ ಇಲ್ಲ, ಚೌಕಟ್ಟಿಗೆ ಅದು ಲೆಕ್ಕಕ್ಕಿಲ್ಲ.

ಹೊರಗಿನ 'ಸ್ಯಾಪ್‌ವುಡ್‌'ಗೆ 'ಬಿಳಿ' ಎಂದೇ ಹಾಕಿದ್ದೇನೆ. ನಮ್ಮ ಮನೆಯ ಮಾಡು ಬಿಚ್ಚಿ ಕಟ್ಟಿದಾಗ ಆಚಾರಿ ಹಲಗೆಯೊಂದನ್ನು ತಿರುಗಿಸಿ ನೋಡಿ, 'ಇದ್ರಲ್ಲಿ ಬಿಳಿ ಜಾಸ್ತಿ, ಒಲೆಗೆ ಹಾಕಿ' ಎಂದಿದ್ದ. ಮಲಯಾಳದಲ್ಲೂ ಇದಕ್ಕೆ 'ವೆಳ್ಳ' ಎಂಬ ಮಾತೇ ಇದೆ. ಇಷ್ಟಿದ್ದ ಮೇಲೆ ಸಂಸ್ಕೃತದಿಂದ ಹೊಸದಾಗಿ ಪದ ಕಟ್ಟುವ ಉತ್ಸಾಹ ನನಗಂತೂ ಇಲ್ಲ.

ಚೇಗಿನ ಕಡೆಗೇ ನನ್ನ ಒಲವು. ಅದಕ್ಕೆ ಎರಡು ತೊಡಕುಗಳಿವೆ. ಮೊದಲನೆಯದು ನಗುವಂಥದ್ದು: ಕರಡು ತಿದ್ದಿದವರು ಅದನ್ನು ಅಚ್ಚಿನ ತಪ್ಪೆಂದು ಬಗೆದು 'ಕಂಬಕ್ಕೆ ಒಳ್ಳೆಯ ತೇಗು ಇರಬೇಕು' ಎಂದು ಮಾಡಿಟ್ಟಿದ್ದರು. ಊಟವಾದ ಮೇಲೆ ಕಂಬ ತೇಗುವುದನ್ನು ಊಹಿಸಿಕೊಳ್ಳಿ. ಪದ ಅಷ್ಟು ಮರೆವಿಗೆ ಸಂದಿದೆಯೇ ಎಂಬುದೇ ಚಿಂತೆ.

ಎರಡನೆಯದು ಗಂಭೀರ. ಅಡಿಕೆ, ಬೈನೆ ಮರಗಳಲ್ಲಿ ಲೆಕ್ಕ ತಲೆಕೆಳಗು: ಗಟ್ಟಿ ಹೊರಗೆ, ಮೆತ್ತಗಿನದು ಒಳಗೆ. ಅಡಿಕೆ ದಬ್ಬೆಯನ್ನು ರೀಪಿನ ಬದಲು ಹಾಕುವುದು ಆ ಹೊರಗಟ್ಟಿಯನ್ನು ನಂಬಿ. ನಮ್ಮಲ್ಲಿ ಇದಕ್ಕೆ 'ಕೆಚ್ಚು ಕಟ್ಟಿದ ದಬ್ಬೆ' ಅನ್ನುತ್ತಿದ್ದರು, 'ಚೇಗು' ಅಂದದ್ದು ಕೇಳಿಲ್ಲ. ಹಾಗಾದರೆ ಕೆಚ್ಚು ಎಂದರೆ ಎಲ್ಲಿದ್ದರೂ ಗಟ್ಟಿಭಾಗ, ಚೇಗು ಎಂದರೆ ಒಳಗಿನ ಗಟ್ಟಿಭಾಗ ಮಾತ್ರವೇ? ಅಥವಾ ಇದು ನಮ್ಮ ಒಂದು ಊರಿನ ರೂಢಿಯೇ?

ಕರಾವಳಿ, ಕೊಡಗು, ಬಯಲುಸೀಮೆಯವರು ನಿಮ್ಮ ಕಡೆಯ ಮಾತನ್ನು ತಿಳಿಸಿದರೆ ಉಪಕಾರ. ನಿಘಂಟಿನಲ್ಲಿರುವುದು ನನ್ನ ಕೈಯಲ್ಲಿದೆ. ಸಾ ಮಿಲ್ಲಿನಲ್ಲಿ, ಮರಗೆಲಸದವರ ಬಾಯಲ್ಲಿ ಕೇಳಿದ್ದಿದ್ದರೆ, ಇಡೀ ವಾಕ್ಯವನ್ನೇ ಹಾಗೇ ಬರೆಯಿರಿ.